ಟೀಚರ್ ಕೈಬಿಟ್ಟ ಸ್ವರ

ಹಳೇ ಸಾಮಾನಿನವನಿಗೆ ಕೊಟ್ಟುಬಿಡೋಣವೆಂದು ಮೊನ್ನೆ ಭಾನುವಾರ ಅಟ್ಟ ಖಾಲಿ ಮಾಡುತ್ತಿದ್ದೆ. ಒಡೆದ ಬಕೆಟ್ಟು, ಅಮ್ಮನ ಹೊಲಿಗೆ ಮಿಷನ್ನಿನ ಮುಚ್ಚಳ, ಯಾವುದೋ ಕಾಲದ ಗೊಂಬೆ ಹಬ್ಬದ ಮೆಟ್ಟಿಲ ಹಲಗೆಗಳು... ಇವೆಲ್ಲದರ ಹಿಂದೆ ಒಂದು ಕಪ್ಪು ಕಬ್ಬಿಣದ ಡಬ್ಬ ಕೂತಿತ್ತು. ಎರಡೂ ಕೈ ಹಾಕಿ ಎತ್ತಬೇಕಾದಷ್ಟು ಭಾರ. ಎದೆಗಾನಿಸಿಕೊಂಡು ಏಣಿ ಇಳಿಯುವಾಗ ಅದರ ತೂತುಗಳಿಂದ ವಾಸನೆ ಬಂತು. ಇಷ್ಟು ವರ್ಷವಾದರೂ ಅದೇ ಸುಟ್ಟ ವಾಸನೆ. ಡಬ್ಬವನ್ನು ನೆಲಕ್ಕಿಟ್ಟು ನಾನೂ ಅದರ ಪಕ್ಕ ಕೂತೆ.

ಅದು ಪವರ್ ಕಂಡೀಷನರ್. ಗೋಡೆಯ ಪ್ಲಗ್ಗಿಗೂ ಆಂಪ್ಲಿಫೈಯರಿಗೂ ನಡುವೆ ಕೂತು, ಬರುವ ಕರೆಂಟನ್ನು ಸೋಸಿ ಕಳಿಸುತ್ತದೆ, ಅದರಿಂದ ಹಾಡು ಇನ್ನಷ್ಟು ಸ್ವಚ್ಛವಾಗಿ ಕೇಳುತ್ತದೆ, ಜೊತೆಗೆ ಯಂತ್ರಗಳಿಗೂ ರಕ್ಷಣೆ ಎಂದು ಹೇಳಿ ಮಾರುವ ವಸ್ತು. ನಾನು ಅದನ್ನು ಕೊಂಡದ್ದು ಯಾವ ಸಂಭ್ರಮದಲ್ಲಿ, ಅದು ಮಾಡಿದ್ದೇನು, ಮಾಡದೆ ಉಳಿದದ್ದೇನು ಎಲ್ಲವೂ ನೆನಪಿದೆ. ಆದರೆ ಆ ವಾಸನೆ ಬಂದೊಡನೆ ಮೊದಲು ಕಣ್ಣ ಮುಂದೆ ಬಂದದ್ದು ನಮ್ಮ ಮಹಡಿ ಮನೆಯ ಟೀಚರ್.

ನಮ್ಮದು ಬಸವೇಶ್ವರನಗರದಲ್ಲಿ ಅಪ್ಪ ಕಟ್ಟಿಸಿದ ಮನೆ. ಕೆಳಗೆ ಅಮ್ಮ ಮತ್ತು ನಾನು, ಮೇಲೆ ಟೀಚರ್. ಧಾರವಾಡದ ಕಡೆಯವರು. ಹುಡುಗಿಯರ ಹೈಸ್ಕೂಲೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿದ್ದರು. ಒಬ್ಬರೇ ಇದ್ದರು. ಹಣೆಗೆ ವಿಭೂತಿ, ಇಳಕಲ್ ಸೀರೆ, ಮಾತಿನಲ್ಲಿ ಸುತ್ತು ಬಳಸು ಇಲ್ಲ. ಸಂಜೆಯಾದರೆ ಮೆಟ್ಟಿಲ ಕೆಳಗೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಮೇಲಿಂದ ತಂಬೂರಿ ಶುರುವಾದರೆ ಅಮ್ಮ ಟಿವಿಯ ದನಿ ತಗ್ಗಿಸುತ್ತಿದ್ದಳು. ಬೇರೆ ಯಾರಿಗೂ ಅಮ್ಮ ಆ ಮರ್ಯಾದೆ ಕೊಟ್ಟದ್ದನ್ನು ನಾನು ನೋಡಿಲ್ಲ, ನನಗಂತೂ ಇಲ್ಲವೇ ಇಲ್ಲ.

ಟೀಚರ್ ಕಿವಿ ಎಂಥದ್ದು ಎಂಬುದಕ್ಕೆ ನಮ್ಮ ಮನೆಯ ಮಿಕ್ಸಿಯೇ ಸಾಕ್ಷಿ. ಒಂದು ದಿನ ಕೆಳಗೆ ಬಂದವರು ಅಮ್ಮನಿಗೆ, ನಿಮ್ಮ ಮಿಕ್ಸಿ ಶ್ರುತಿ ಇಳಿದಿದೆ, ತೋರಿಸಿಕೊಳ್ಳಿ ಎಂದರು. ಅಮ್ಮ ನಕ್ಕಳು. ಸ್ವಲ್ಪ ದಿನದಲ್ಲೇ ದೋಸೆಗೆ ಚಟ್ನಿ ರುಬ್ಬುವಾಗ ಮೋಟಾರು ಹೊಗೆ ಬಿಟ್ಟಿತು. ಹಿಂದೆಲ್ಲ ಸಂಜೆ ಊರಿನವರೆಲ್ಲ ಒಟ್ಟಿಗೆ ದೀಪ, ಮೋಟಾರು ಹಾಕಿದಾಗ ಟ್ಯೂಬ್‌ಲೈಟಿನ ಚೋಕಿನ ಗುಂಯ್ ಎನ್ನುವ ಸದ್ದಿನ ಶ್ರುತಿ ಇಳಿಯುತ್ತಿತ್ತಂತೆ. ಅದು ಕೇಳಿ ಕೇಳಿ ತಲೆ ಕೆಟ್ಟು, ಪಾಠದ ಹೊತ್ತಿಗೆ ಟ್ಯೂಬ್‌ಲೈಟ್ ಆರಿಸಿ ಬರೀ ಬಲ್ಬಿನಲ್ಲಿ ಕಲಿಸುತ್ತಿದ್ದರಂತೆ. ಇದನ್ನು ಕೇಳಿದಾಗ ನಾನು ಹೂಂ ಎಂದು ತಲೆಯಾಡಿಸಿದ್ದೆ, ನಂಬಿರಲಿಲ್ಲ. ಲೋಡು ಹೆಚ್ಚಾದಾಗ ಕರೆಂಟಿನ ಆವರ್ತನ ಆ ಕಾಲದಲ್ಲಿ ನಿಜಕ್ಕೂ ಇಳಿಯುತ್ತಿತ್ತು ಎಂದು ಆಮೇಲೆ ಓದಿ ತಿಳಿದೆ. ಮೀಟರಿನವರು ಅಳೆಯುತ್ತಿದ್ದುದನ್ನು ಈ ಹೆಂಗಸು ಪಾಠ ಹೇಳಿಕೊಡುತ್ತಾ ಕೇಳಿಸಿಕೊಳ್ಳುತ್ತಿದ್ದರು.

ಅವರ ಹೆಸರು ನಮ್ಮ ಕಡೆಯೆಲ್ಲ ಹಬ್ಬಿದ್ದು ಒಂದು ವಚನದಿಂದ. ಅದರ ಎರಡನೇ ಸಾಲು ಮುಗಿಯುವ ಕಡೆ ಟೀಚರ್ ಮೆಲ್ಲಗೆ ಕೆಳಗೆ, ಇನ್ನೂ ಕೆಳಗೆ ಇಳಿದು, ಮಂದ್ರದ ಒಂದು ಸ್ವರದಲ್ಲಿ ಬಾಯಿ ಮುಚ್ಚಿ ನಿಲ್ಲುತ್ತಿದ್ದರು. ಬರೀ ಗುನುಗು. ಸಭೆ ಉಸಿರು ಹಿಡಿದು ಕೂತಿರುತ್ತಿತ್ತು. ಬಸವ ಜಯಂತಿಯ ಕಾರ್ಯಕ್ರಮಗಳಿಗೆ ಸುಂಕದಕಟ್ಟೆ, ಕೆಂಗೇರಿಯಿಂದೆಲ್ಲ ಅವರನ್ನು ಕರೆಯುತ್ತಿದ್ದುದು ಆ ಒಂದು ಜಾಗಕ್ಕಾಗಿ. ಶಿಷ್ಯೆಯರೂ ಅದನ್ನೇ ಹಾಡಿ ಹೆಸರು ಮಾಡಿದರು. ಹೊಗಳಿದರೆ ಟೀಚರ್ ಒಪ್ಪುತ್ತಿರಲಿಲ್ಲ, ಅದು ನನ್ನದಲ್ಲ, ನಮ್ಮ ಗುರುಗಳದು ಎನ್ನುತ್ತಿದ್ದರು. ಮಾತು ನಿಜವೇ ಆಗಿತ್ತು. ಗುರುಗಳು ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ಆ ವಚನಕ್ಕೆ ರಾಗ ಕಟ್ಟಿ, ಮನೆಯ ಟೇಪ್ ರೆಕಾರ್ಡರಿನಲ್ಲಿ ತಂಬೂರಿಯೂ ಇಲ್ಲದೆ ತಾವೇ ಹಾಡಿ, ಕ್ಯಾಸೆಟ್ಟನ್ನು ಬೆಂಗಳೂರಿಗೆ ಹೊರಟ ಯಾರ ಕೈಯಲ್ಲೋ ಕಳಿಸಿದ್ದರು. ಕ್ಯಾಸೆಟ್ ಟೀಚರ್ ಕೈ ಸೇರುವ ಹೊತ್ತಿಗೆ ಗುರುಗಳು ಇರಲಿಲ್ಲ. ಎದುರು ಕೂತು ಕಲಿಯದೆ ಟೀಚರ್ ಕಲಿತ ಹಾಡು ಅದೊಂದೇ.

ಜ್ಞಾನಭಾರತಿಯ ಯೂನಿವರ್ಸಿಟಿಯಲ್ಲಿ ಸಂಗೀತ ಓದುತ್ತಿದ್ದ ಶಿಷ್ಯೆಯೊಬ್ಬಳು ಒಂದು ದಿನ ಅವರನ್ನು ಕೇಳಿದಳಂತೆ. ಸ್ವರ ಹಾಕಿ ಬರೆದಿಡಬೇಕು ಟೀಚರ್, ಆ ಮಂದ್ರದಲ್ಲಿ ನಿಲ್ಲುವುದು ಪಂಚಮವೋ, ಅದಕ್ಕಿಂತ ಒಂದೆಳೆ ಕೆಳಗೋ? ನೀವು ಹಾಡುವಾಗ ಎರಡರ ಮಧ್ಯೆ ಇರುತ್ತದಲ್ಲ... ಟೀಚರಿಗೆ ಉತ್ತರ ಹೇಳಲಾಗಲಿಲ್ಲ. ಅವರ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಆ ಜಾಗ ದಾರದಷ್ಟು ಸಣ್ಣಗೆ ಕೇಳುತ್ತಿತ್ತು. ಅಷ್ಟನ್ನು ಹಿಡಿದು ಉಳಿದದ್ದನ್ನು ಅವರೇ ತುಂಬಿಕೊಂಡಿದ್ದರು. ಅದೇ ಸಮಯಕ್ಕೆ ಅವರ ಕಿವಿ ಸೋಲತೊಡಗಿತ್ತು. ಕುಕ್ಕರಿನ ಸೀಟಿ, ಕಾಲಿಂಗ್ ಬೆಲ್ಲು ಕೇಳಿಸುತ್ತಿರಲಿಲ್ಲ, ತಗ್ಗಿನ ಸದ್ದುಗಳು ಮಾತ್ರ ಇನ್ನೂ ಉಳಿದಿದ್ದವು. ಅವೂ ಹೋಗುತ್ತವೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೋಗುವುದರೊಳಗೆ ಗುರುಗಳು ಅಲ್ಲಿ ಹಾಡಿದ್ದೇನು ಎಂದು ತಿಳಿಯಬೇಕು, ತಿಳಿದದ್ದನ್ನು ಆ ಹುಡುಗಿಗೆ ಸರಿಯಾಗಿ ಕೊಟ್ಟು ಹೋಗಬೇಕು. ಅವರಿಗೆ ಉಳಿದಿದ್ದ ಆಸೆ ಇಷ್ಟೇ. ಹಾಗಾಗಿ ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಕೆಳಗೆ ನನ್ನ ಹತ್ತಿರ ಬಂದರು.

ನನ್ನ ಹತ್ತಿರವೇ ಏಕೆಂದರೆ ಆ ಬೀದಿಯಲ್ಲಿ ಹಾಡು ಕೇಳುವ ಹುಚ್ಚು ಇದ್ದವಳು ನಾನೊಬ್ಬಳೇ. ಇನ್ಶೂರೆನ್ಸ್ ಆಫೀಸಿನ ಸಂಬಳದಲ್ಲಿ ವರ್ಷಗಟ್ಟಲೆ ಉಳಿಸಿ ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ಸೊಂಟದೆತ್ತರದ ಸ್ಪೀಕರುಗಳು ಎಲ್ಲವನ್ನೂ ಒಂದೊಂದಾಗಿ ಕೂಡಿಹಾಕಿದ್ದೆ. ಬಳೆ ಮಾಡಿಸಿಕೊಳ್ಳೋ ಕಾಲದಲ್ಲಿ ಡಬ್ಬ ತರ್ತಾಳೆ ಎಂದು ಅಮ್ಮ ನೆಂಟರ ಮುಂದೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅಂಥ ಸ್ಪೀಕರುಗಳಿಂದ ಆ ಬೇಸಿಗೆಯಲ್ಲಿ ಗುಂಯ್ ಎಂಬ ಸದ್ದು ಶುರುವಾಗಿತ್ತು. ಹಾಡು ಜೋರಾಗಿದ್ದರೆ ಪರವಾಗಿಲ್ಲ, ತಗ್ಗಿದರೆ ಸಾಕು, ಜೇನುಗೂಡಿನ ಪಕ್ಕ ಕೂತ ಹಾಗೆ. ಟೀಚರ್ ಕ್ಯಾಸೆಟ್ ಹಾಕಿದೆ. ಎರಡನೇ ಸಾಲು ಕೆಳಗಿಳಿಯುತ್ತಾ ಬಂತು, ಬೇಕಾದ ಜಾಗ ಬಂತು, ಆ ಜಾಗದ ತುಂಬ ನಮ್ಮ ಮನೆಯ ಗುಂಯ್ ತುಂಬಿಕೊಂಡಿತು. ನನಗೆ ಅವಮಾನವಾಯಿತು.

ಟೀಚರ್ ಕಣ್ಣು ಮುಚ್ಚಿ ಕೂತಿದ್ದರು. ಆಮೇಲೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಗುಂಯ್ ಅನ್ನೋದು ಎರಡು ಅದಾವ ನೋಡವಾ. ಒಂದು ನಿನ್ನ ಮನೀದು, ಒಂದು ಕ್ಯಾಸೆಟ್ಟಿಂದು. ಕ್ಯಾಸೆಟ್ಟಿಂದು ಒಂದೆಳಿ ತೆಳಗ ಐತಿ. ಎರಡೂ ಒಂದಕ್ಕೊಂದು ತಿಕ್ಕಾಡಾಕತ್ತಾವ. ನಿನ್ನ ಮನೀದು ತಗಿ, ಇನ್ನೊಂದನ್ನ ನಾ ನೋಡ್ಕೋತೀನಿ." ನನಗೆ ಕೇಳುತ್ತಿದ್ದುದು ಒಂದೇ ಗುಂಯ್. ಎಷ್ಟು ಕಿವಿಯಾನಿಸಿದರೂ ಒಂದೇ.

ಇನ್ನೇನು, ನನಗೆ ನೆಪ ಸಿಕ್ಕಿತು. ಕರೆಂಟು ಗಲೀಜಾಗಿರುವುದೇ ಇದಕ್ಕೆಲ್ಲ ಕಾರಣ ಎಂದು ಇಂಟರ್ನೆಟ್ಟಿನ ಪಂಡಿತರು ಬರೆದದ್ದನ್ನು ತಿಂಗಳಿಂದ ಓದುತ್ತಿದ್ದೆ. ಮಾಗಡಿ ರೋಡಿನ ಆಚೆ ಈಚೆ ಇರುವ ಲೇತ್ ವರ್ಕ್‌ಶಾಪುಗಳು, ಬೀದಿಯ ಬೋರ್‌ವೆಲ್ ಮೋಟಾರುಗಳು, ಎಲ್ಲ ಸೇರಿ ನನ್ನ ಸಂಗೀತ ಕೆಡಿಸುತ್ತಿವೆ ಎಂದು ನಂಬಿದ್ದೆ. ರಾಜಾಜಿನಗರದ ಅಂಗಡಿಯವನು, ಮೇಡಂ, ಇದು ಹಾಕಿದ ಮೇಲೆ ಸ್ಪೀಕರ್ ಮುಂದೆ ಇದ್ದ ಪರದೆ ಸರಿಸಿದ ಹಾಗಾಗತ್ತೆ ಎಂದ. ಕಪ್ಪು ಡಬ್ಬ ಕಾರಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂತು ಮನೆಗೆ ಬಂತು. ಅಮ್ಮ ಬೆಲೆ ಕೇಳಿದಳು, ನಾನು ಅರ್ಧ ಹೇಳಿದೆ.

ಸಿಕ್ಕಿಸಿ, ನನ್ನದೇ ಒಂದು ಕ್ಯಾಸೆಟ್ ಹಾಕಿ ಕೂತು ಕೇಳಿದಾಗ, ನಿಜ ಹೇಳುತ್ತೇನೆ, ನನಗೆ ಪರದೆ ಸರಿದೇ ಬಿಟ್ಟಿತ್ತು. ತಂಬೂರಿ ಹೊಳೆಯುತ್ತಿದೆ ಅನ್ನಿಸಿತು, ಗುಂಯ್ ಕೂಡ ಕಡಿಮೆಯಾಗಿದೆ ಅನ್ನಿಸಿತು. ಅಷ್ಟು ದುಡ್ಡು ಕೊಟ್ಟ ಮೇಲೆ ಅನ್ನಿಸದೆ ಏನು ಮಾಡೀತು. ಓಡಿಹೋಗಿ ಟೀಚರನ್ನು ಕರೆತಂದೆ. ಅವರು ತಮ್ಮ ಕ್ಯಾಸೆಟ್ ಹಾಕಿಸಿ ಎರಡು ನಿಮಿಷ ಕೇಳಿದರು. "ಏನೂ ಫರಕ ಆಗಿಲ್ಲವಾ. ಎರಡೂ ಹಂಗ ಅದಾವ." ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಡಬ್ಬ ನೋಡಲಿಕ್ಕೆ ಚಂದ ಇದೆ ಎಂದು ಸೇರಿಸಿದರು. ಆಮೇಲೆ ಅದರ ಮುಂದುಗಡೆ ಉರಿಯುತ್ತಿದ್ದ ಕೆಂಪು ದೀಪ ತೋರಿಸಿ, ಇದು ಯಾತರದ್ದು ಎಂದು ಕೇಳಿದರು. ನಾನು ಅದನ್ನು ಅಂದಕ್ಕೆ ಇಟ್ಟದ್ದು ಎಂದುಕೊಂಡಿದ್ದೆ. ಜೊತೆಗೆ ಬಂದ ಪುಸ್ತಕ ತೆಗೆದು ನೋಡಿದರೆ, ಆ ದೀಪ ಹತ್ತಿಕೊಂಡರೆ ಮನೆಯ ಅರ್ತಿಂಗ್ ಸರಿಯಿಲ್ಲ ಎಂದರ್ಥ, ಮೊದಲು ಅದನ್ನು ಸರಿಪಡಿಸಿ, ಅದಿಲ್ಲದೆ ಈ ಯಂತ್ರದಿಂದ ಪ್ರಯೋಜನವಿಲ್ಲ ಎಂದು ಬರೆದಿತ್ತು.

ಇಷ್ಟು ದಿನ ಇಲ್ಲದ್ದು ಈಗೇನು ಬಂತು ಎಂದು ಅಮ್ಮ ಗೊಣಗಿದಳು. ಟೀಚರ್ ಸ್ವಲ್ಪ ಯೋಚಿಸಿ ಅಮ್ಮನ ಕಡೆ ತಿರುಗಿದರು. "ನಿಮ್ಮ ತುಳಸಿ ಮ್ಯಾಲ ಹೋದ ಮ್ಯಾಲ ರೀ ಇದು ಶುರು ಆಗಿದ್ದು. ಅದಕ್ಕಿಂತ ಮೊದಲ ಇರಲಿಲ್ಲ."

 ಅದರ ಹಿಂದಿನ ಚಳಿಗಾಲದಲ್ಲಿ ನಾನು ಕಾರು ಕೊಂಡಿದ್ದೆ. ಅದನ್ನು ನಿಲ್ಲಿಸಲು ಜಾಗ ಸಾಲದೆ, ಮುಂದಿನ ಅಂಗಳದಲ್ಲಿದ್ದ ತುಳಸಿ ಕಟ್ಟೆಯನ್ನು ಶಾಸ್ತ್ರೋಕ್ತವಾಗಿ, ಒಳ್ಳೆಯ ದಿನ ನೋಡಿ ತಾರಸಿಗೆ ಸಾಗಿಸಿ, ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದ್ದೆವು. ಎಲೆಕ್ಟ್ರಿಷಿಯನ್ ಬಂದು ಹುಡುಕಿದಾಗ ಅರ್ತಿಂಗ್ ಗುಂಡಿ ಸಿಕ್ಕಿದ್ದು ಸರಿಯಾಗಿ ಆ ಕಟ್ಟೆ ಇದ್ದ ಜಾಗದ ಪಕ್ಕದಲ್ಲಿ, ಹೊಸ ಟೈಲ್ಸಿನ ಕೆಳಗೆ. ಅಪ್ಪ ಮನೆ ಕಟ್ಟಿಸುವಾಗ ಇದ್ದಿಲು, ಉಪ್ಪು ತುಂಬಿ ಹೂಳಿಸಿದ್ದ ಪೈಪು. ಅದರ ಸುತ್ತ ಮಣ್ಣು ಒದ್ದೆಯಾಗಿರಬೇಕು, ಆಗ ಮಾತ್ರ ಅದು ಕೆಲಸ ಮಾಡುತ್ತದೆ. ಅಮ್ಮ ಪ್ರತಿ ಬೆಳಿಗ್ಗೆ ತುಳಸಿಗೆ ಸುರಿದ ನೀರು ಹರಿದು ಅದಕ್ಕೂ ಹೋಗುತ್ತಿತ್ತು. ಅಪ್ಪ ಬೇಕೆಂದೇ ಅಲ್ಲಿ ಕಟ್ಟಿಸಿದ್ದರೋ, ಹಾಗೆ ಕೂಡಿಬಂದಿತ್ತೋ ಕೇಳಲು ಅಪ್ಪ ಇರಲಿಲ್ಲ. ಅಂತೂ ಅಮ್ಮನ ಪೂಜೆಯೇ ಇಷ್ಟು ವರ್ಷ ಮನೆಯ ಕರೆಂಟನ್ನು ಕಾಯ್ದಿತ್ತು. ಈ ವಿಷಯ ತಿಳಿದ ಮೇಲೆ ಅಮ್ಮನ ಬಿಗುಮಾನ ಹೇಳತೀರದು.

ಟೈಲ್ಸ್ ಒಡೆಸಿ, ಹೊಸ ಇದ್ದಿಲು ಉಪ್ಪು ಹಾಕಿಸಿ, ಅಮ್ಮನೇ ಬಕೆಟ್ಟುಗಟ್ಟಲೆ ನೀರು ಸುರಿದಳು. ಕೆಂಪು ದೀಪ ಆರಿತು. ಆಂಪ್ಲಿಫೈಯರ್ ಹಾಕಿ ಸ್ಪೀಕರಿಗೆ ಕಿವಿಯಿಟ್ಟೆ. ಏನೂ ಇಲ್ಲ. ಅಂಗಡಿಯವನು ಹೇಳಿದ ಪರದೆ ಸರಿದದ್ದು ಆವಾಗ, ಅದೂ ಅಂಗಳದಲ್ಲಿ.

ಟೀಚರ್ ಬಂದು ಕೂತರು. ಕ್ಯಾಸೆಟ್ ಹಾಕಿದೆ. ಈಗ ನನಗೂ ಕೇಳಿಸಿತು, ಅವರು ಹೇಳಿದ ಇನ್ನೊಂದು ಗುಂಯ್, ಕ್ಯಾಸೆಟ್ಟಿನ ಒಳಗಿನದು, ದೂರದಲ್ಲೆಲ್ಲೋ ಇರುವ ಹಾಗೆ ಮೆಲ್ಲಗೆ. ಗುರುಗಳ ದನಿ ಬಂತು. ದಣಿದ, ಆದರೆ ಅಲ್ಲಾಡದ ದನಿ. ಎರಡನೇ ಸಾಲು ಇಳಿಯಿತು. ಆ ಜಾಗ ಬಂತು, ಮಂದ್ರದ ಸ್ವರ ಮೆಲ್ಲಗೆ ಉಬ್ಬಿ ನಿಂತಿತು, ಮುಂದಿನ ಸಾಲು ಶುರುವಾಯಿತು. ನನಗೆ ಮೈ ಜುಂ ಎಂದಿತು. ಟೀಚರ್ ಮುಖದಲ್ಲಿ ಮಾತ್ರ ಸಂತೋಷ ಕಾಣಲಿಲ್ಲ. ಹಿಂದಕ್ಕೆ ತಿರುಗಿಸು ಎಂದರು. ಹಾಡು ಶುರುವಾಗುವ ಮುಂಚಿನ ಭಾಗ, ಗುರುಗಳು ಇನ್ನೂ ಬಾಯಿ ತೆರೆಯದ ಆ ಖಾಲಿ ಭಾಗ ಹಾಕಿಸಿದರು. ಮತ್ತೆ ಎರಡನೇ ಸಾಲು. ಮತ್ತೆ ಮೊದಲಿನ ಖಾಲಿ ಭಾಗ. ಹೀಗೆ ಎಷ್ಟು ಸಲ ತಿರುಗಿಸಿದೆನೋ... ಕೊನೆಗೆ ಕೈ ಎತ್ತಿ ಸಾಕು ಎಂದರು.

"ಇದು ಗುರುಗಳ ದನಿ ಅಲ್ಲವಾ. ಇದು ಕರೆಂಟು."

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಹಾಡಿಗೆ ಮುಂಚಿನ ಖಾಲಿ ಭಾಗದಲ್ಲಿ ಇದ್ದದ್ದೂ ಅದೇ ಸ್ವರ. ಅರ್ಥವಾದಾಗ ಅದರ ಹಿಂದಿನ ಕಾರಣ ನನಗೇ ಗೊತ್ತಿತ್ತು. ಆ ಕಾಲದ ಮನೆಬಳಕೆಯ ರೆಕಾರ್ಡರುಗಳು ಹಾಡುವವರು ಸುಮ್ಮನಾದರೆ ಏನು ಸಿಕ್ಕುತ್ತದೋ ಅದನ್ನೇ ತಾವಾಗಿ ದೊಡ್ಡದು ಮಾಡಿ ಹಿಡಿಯುತ್ತಿದ್ದವು. ಗುರುಗಳು ಎರಡನೇ ಸಾಲು ಮುಗಿಸಿ ಸುಮ್ಮನಾಗಿದ್ದರು, ಅಷ್ಟೆ. ರೆಕಾರ್ಡರು ಆ ಮೌನದಲ್ಲಿ ಅವರ ಮನೆಯ ಕರೆಂಟಿನ ಗುಂಯ್ ಅನ್ನು ಎತ್ತಿ ತುಂಬಿತ್ತು. ಟೀಚರ್ ಅದನ್ನು ಗುರುವಿನ ಗುನುಗು ಎಂದು ತಿಳಿದು, ಕಣ್ಣಿಗೊತ್ತಿಕೊಂಡು, ತಮ್ಮ ಕಂಠಕ್ಕೆ ಇಳಿಸಿಕೊಂಡಿದ್ದರು. ಸಭೆಗಳು ಉಸಿರು ಹಿಡಿದು ಕೇಳಿದ್ದು ಅದನ್ನು.

ನಾನು ಏನೇನೋ ಸಮಾಧಾನ ಹೇಳಿದೆ. ಕಾಯಿಲೆಯವರು, ಉಸಿರು ಸಾಲದೆ ನಿಂತಿರಬಹುದು, ಆರೋಗ್ಯವಾಗಿದ್ದರೆ ಅಲ್ಲಿ ಹಾಡುತ್ತಿದ್ದರೋ ಏನೋ ಎಂದೆ. ಯಾರಿಗೂ ಗೊತ್ತಾಗುವುದಿಲ್ಲ, ಜನಕ್ಕೂ ಅದೇ ಇಷ್ಟ, ಹಾಗೇ ಇರಲಿ ಬಿಡಿ ಟೀಚರ್ ಎಂದೆ. ಅವರು ಕ್ಯಾಸೆಟ್ಟನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿ ಹೋದರು. ಆವತ್ತು ಸಂಜೆ ಮೇಲಿಂದ ತಂಬೂರಿ ಕೇಳಲಿಲ್ಲ, ಮರುದಿನವೂ ಇಲ್ಲ. ಅಮ್ಮ ಟಿವಿಯ ದನಿ ತಗ್ಗಿಸಿಯೇ ಇಟ್ಟಿದ್ದಳು.

ಮುಂದಿನ ಭಾನುವಾರ ಮೆಟ್ಟಿಲ ಕೆಳಗೆ ಎಂದೂ ಕಾಣದಷ್ಟು ಚಪ್ಪಲಿ. ಆ ವಚನ ಕಲಿತವರನ್ನೆಲ್ಲ, ಮದುವೆಯಾಗಿ ಹೋದವರನ್ನೂ, ಆಗಲೇ ತಾವೂ ಬೇರೆಯವರಿಗೆ ಪಾಠ ಹೇಳುತ್ತಿದ್ದವರನ್ನೂ ಟೀಚರ್ ಕರೆಸಿದ್ದರು. ಅಮ್ಮ ಮತ್ತು ನಾನು ಬಾಗಿಲ ಹತ್ತಿರ ಕೂತೆವು. ಟೀಚರ್ ನಡೆದದ್ದನ್ನು ಬಿಡಿಸಿ ಹೇಳಿದರು. ಕರೆಂಟಿನ ಸದ್ದನ್ನು ಗುರುವಿನ ಸ್ವರ ಅಂತ ನಿಮಗೆಲ್ಲ ಕಲಿಸಿದ್ದೇನೆ, ಈಗ ತಿದ್ದಿಕೊಳ್ಳಿ ಎಂದರು.  ಶಾಲೆಯಲ್ಲಿ ತಪ್ಪು ಲೆಕ್ಕ ತಿದ್ದುವವರ ಹಾಗೆ ಹೇಳಿದರು. 

ಹಿರಿಯ ಶಿಷ್ಯೆಯೊಬ್ಬರಿಗೆ ಅಳುವೇ ಬಂತು. ಅವರಿಗೆ ಕಾರ್ಯಕ್ರಮಗಳು ಸಿಗುತ್ತಿದ್ದುದೇ ಆ ಮಂದ್ರದಿಂದ. "ಟೀಚರ್, ಗುರುಗಳದಲ್ಲದಿದ್ರೆ ನಿಮ್ಮದು ಅಂತಾನೇ ಇಟ್ಕೊಳ್ಳೋಣ. ನೀವೇ ಅಲ್ವಾ ಅದಕ್ಕೆ ಜೀವ ಕೊಟ್ಟಿದ್ದು?" ಎಂದರು. ನನಗೂ ಅದು ನ್ಯಾಯವೇ ಅನ್ನಿಸಿತು.

"ನಂದು ಅಂತ ನಾ ಯಾವಾಗ ಹಾಡೀನಿ?" ಎಂದರು ಟೀಚರ್. "ಗುರುಗಳದು ಅಂತ ಹೇಳಿ ಹೇಳಿ ಹಾಡೀನಿ. ಅವರು ಸುಮ್ಮನಾದ ಜಾಗದಾಗ ಮಾತಾಡಾಕ ನಾ ಯಾರು?"

ಆಮೇಲೆ ತಂಬೂರಿ ಹಿಡಿದು ಹಾಡಿದರು. ಎರಡನೇ ಸಾಲು ಇಳಿದು ಬಂತು, ಮುಗಿಯಿತು, ಟೀಚರ್ ತುಟಿ ಮುಚ್ಚಿ ಸುಮ್ಮನಾದರು. ನಮ್ಮ ಕಿವಿಗಳೆಲ್ಲ ರೂಢಿಯಂತೆ ಆ ಸ್ವರಕ್ಕೆ ಕಾದು ಕೂತವು, ಅದು ಬರಲಿಲ್ಲ. ಆ ವಚನದ ಎರಡನೇ ಸಾಲು ಮಾತು ನಿಂತುಹೋಗುವ ಜಾಗದ ಬಗ್ಗೆಯೇ ಇದೆ. ಅಷ್ಟು ವರ್ಷ ಅದನ್ನು ಕೇಳಿದ್ದೆ, ಅರ್ಥವಾದದ್ದು ಆವತ್ತು.  ಇಡೀ ಜೀವನದ ಹೆಸರನ್ನು ಒಂದು ಬೆಳಿಗ್ಗೆ ಹೀಗೆ ಕೆಳಗಿಟ್ಟವರನ್ನು ನಾನು ಬೇರೆ ಕಂಡಿಲ್ಲ. ಪಕ್ಕದಲ್ಲಿದ್ದ ಅಮ್ಮ ಕೈ ಮುಗಿದುಬಿಟ್ಟಿದ್ದಳು.

ಇದರಿಂದ ಟೀಚರಿಗೆ ಒಳ್ಳೆಯದಾಯಿತು ಎಂದು ಹೇಳಲಾರೆ. ಕರೆಯುವವರು ಕಡಿಮೆಯಾದರು. ಕೆಲವು ಶಿಷ್ಯೆಯರು ಬರುವುದು ಬಿಟ್ಟು ಹಳೆಯ ಹಾಗೆಯೇ ಹಾಡಿಕೊಂಡರು, ಅವರಿಗೆ ಚಪ್ಪಾಳೆಯೂ ಬಿತ್ತು. ಟೀಚರ್ ಯಾರನ್ನೂ ದೂರಲಿಲ್ಲ. ಜ್ಞಾನಭಾರತಿಯ ಹುಡುಗಿಯನ್ನು ಮಾತ್ರ ದಿನವೂ ಕೂರಿಸಿಕೊಂಡು, ಆ ಮೌನ ಎಷ್ಟು ಹೊತ್ತು ಇರಬೇಕು, ಅದರಿಂದ ಹೇಗೆ ಏಳಬೇಕು ಎಂದು ಹೇಳಿಕೊಟ್ಟರು. ಹಾಡುವುದನ್ನು ಕಲಿಸಿದ್ದಕ್ಕಿಂತ ಹೆಚ್ಚು ದಿನ ಅದಕ್ಕೇ ಹಿಡಿಯಿತು.

ಕಪ್ಪು ಡಬ್ಬದ ಮಾನವೂ ಆ ವರ್ಷವೇ ಉಳಿಯಿತು. ಮುಂಗಾರಿಗೆ ಮುಂಚಿನ ಒಂದು ಗಾಳಿಮಳೆಯಲ್ಲಿ ಮರದ ಕೊಂಬೆ ಬಿದ್ದು ಕಂಬದ ನ್ಯೂಟ್ರಲ್ ತಂತಿ ಹರಿಯಿತು, ಮನೆಗಳಿಗೆ ಒಮ್ಮೆಗೇ ಎರಡರಷ್ಟು ಕರೆಂಟು ನುಗ್ಗಿತು. ಬೀದಿಯ ಟಿವಿ, ಫ್ರಿಜ್ಜುಗಳೆಲ್ಲ ಹೋದವು. ನಮ್ಮಲ್ಲಿ ಡಬ್ಬ ಫಟ್ ಎಂದು ಹೊಗೆ ಬಿಟ್ಟು ತಾನು ಸತ್ತು ಡೆಕ್ಕನ್ನೂ ಆಂಪ್ಲಿಫೈಯರನ್ನೂ ಉಳಿಸಿತು. ಈಗಲೂ ಯಾರಾದರೂ ಪವರ್ ಕಂಡೀಷನರ್ ತಗೊಳ್ಳಲಾ ಎಂದು ಕೇಳಿದರೆ, ಹಾಡು ಚೆನ್ನಾಗುತ್ತದೆ ಅಂತ ಬೇಡ, ಯಂತ್ರ ಉಳಿಯಲಿ ಅಂತ ಬೇಕಾದರೆ ತಗೊಳ್ಳಿ, ಅದಕ್ಕೂ ಮೊದಲು ಅರ್ತಿಂಗ್ ನೋಡಿಸಿ ಎನ್ನುತ್ತೇನೆ. ಅವರು ನನ್ನನ್ನು ದೊಡ್ಡ ತಜ್ಞೆ ಎಂದುಕೊಂಡು ಹೋಗುತ್ತಾರೆ.

ಟೀಚರ್ ಕಿವಿ ಡಾಕ್ಟರು ಹೇಳಿದ್ದಕ್ಕಿಂತ ಬೇಗ ಹೋಯಿತು. ಮೊಣಕಾಲೂ ಕೈಕೊಟ್ಟ ಮೇಲೆ ಕೆಂಗೇರಿಯಲ್ಲಿದ್ದ ತಂಗಿಯ ಮಗಳು ಕರೆದುಕೊಂಡು ಹೋದಳು. ನಾನು ನೋಡಲು ಹೋದಾಗ ನನ್ನ ತುಟಿ ನೋಡುತ್ತಾ ಕೂತಿರುತ್ತಿದ್ದರು, ಅರ್ಧ ತಿಳಿಯುತ್ತಿತ್ತು, ಅರ್ಧಕ್ಕೆ ನಗುತ್ತಿದ್ದರು. ಒಮ್ಮೆ, ಏನೂ ಕೇಳದಿದ್ದರೆ ಹೇಗಿರುತ್ತದೆ ಟೀಚರ್ ಎಂದು ಕೇಳಿಬಿಟ್ಟೆ. ಅದು ಅವರಿಗೆ ತಿಳಿಯಲಿಲ್ಲ, ಊಟ ಆಯಿತಾ ಎಂದರು... ಹೋದ ವರ್ಷ ತೀರಿಕೊಂಡರು.

ಹಳೇ ಸಾಮಾನಿನವನು ಬಂದ, ಡಬ್ಬ ತೂಗಿ ತೆಗೆದುಕೊಂಡು ಹೋದ. ಆವತ್ತೇ ಸಂಜೆ ಟೀಚರ್ ನೆನಪಿಗೆಂದು ವಿಜಯನಗರದ ಒಂದು ಸಣ್ಣ ಹಾಲಿನಲ್ಲಿ ಹಾಡುಗಾರಿಕೆ ಇತ್ತು. ಜ್ಞಾನಭಾರತಿಯ ಆ ಹುಡುಗಿ, ಈಗ ತಾನೂ ಟೀಚರ್ ಆಗಿರುವವಳು, ಕೊನೆಗೆ ಆ ವಚನ ಎತ್ತಿಕೊಂಡಳು. ನನ್ನ ಹಿಂದೆ ಕೂತ ಹಿರಿಯರೊಬ್ಬರು ಪಕ್ಕದವರಿಗೆ, ನೋಡ್ತಿರಿ, ಈಗ ಒಂದು ಮಂದ್ರ ಬರುತ್ತೆ ಎಂದು ಪಿಸುಗುಟ್ಟಿದರು. ಎರಡನೇ ಸಾಲು ಇಳಿದು ಮುಗಿಯಿತು, ಅವಳು ಸುಮ್ಮನಾದಳು. ಹಿರಿಯರು ಮುಂದಕ್ಕೆ ಬಾಗಿ ಕಾದರು. ಅವಳ ಮುಖದಲ್ಲಿ ಒಂದಿಷ್ಟೂ ಆತುರ ಇರಲಿಲ್ಲ. ಸಭೆ ಇರುವುದೇ ಮರೆತವಳಂತೆ ಆ ಮೌನವನ್ನು ಪೂರ್ತಿ ಇಟ್ಟುಕೊಂಡು, ಆಮೇಲೆ ಮುಂದಿನ ಸಾಲಿಗೆ ಹೋದಳು.

ಸರಿಯಾಗಿತ್ತು ಎಂದು ನನಗೆ ಅನ್ನಿಸಿತು. ಹೌದು ಸರಿಯಾಗಿತ್ತು ಎಂದು ಹೇಳಬಲ್ಲವರು ಯಾರೂ ಆ ಹಾಲಿನಲ್ಲಿ ಇರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅವಳು ನೇರ ನನ್ನ ಹತ್ತಿರ ಬಂದು, "ಅಕ್ಕ, ಅಷ್ಟು ಹೊತ್ತು ಸಾಕಾಯ್ತಾ?" ಎಂದು ಕೇಳಿದಳು. ನಾನು ಅವಳ ಕೈ ಹಿಡಿದುಕೊಂಡೆ. ನನಗೆ ಗೊತ್ತಿರಲಿಲ್ಲ.